ಮುದ್ರೆಯಿಲ್ಲದ ಬೊಡ್ಡೆಗಳ ಬೇಸಿಗೆ

ಮತ್ತಿ ಮರದ ತೊಗಟೆ ಕೆತ್ತಿದಾಗ ಬರುವ ವಾಸನೆ ಎಷ್ಟು ವರ್ಷವಾದರೂ ಮೂಗಿನಿಂದ ಹೋಗುವುದಿಲ್ಲ. ಮೊನ್ನೆ ಸೋಮವಾರ ಅದು ಮತ್ತೆ ಬಂತು. ನನ್ನ ಮೊಮ್ಮಗಳು ಭಾಗ್ಯ ಖಾಕಿ ಬಟ್ಟೆ ಹಾಕಿ, ಸೊಂಟಕ್ಕೆ ಬೆಲ್ಟು ಬಿಗಿದು, ತಲೆಗೆ ಟೊಪ್ಪಿ ಇಟ್ಟು, ಗಾಳಿಗೆ ಉರುಳಿದ್ದ ಒಂದು ಮತ್ತಿ ಮರದ ಮುಂದೆ ನಿಂತಿದ್ದಳು. ನಮ್ಮ ಭಾಗ್ಯ ಈಗ ರೇಂಜರು! ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನನ್ನಂಥವಳ ಮೊಮ್ಮಗಳು ರೇಂಜರು. ಇದನ್ನು ಬರೆಯುವಾಗಲೂ ನನಗೆ ಒಬ್ಬಳಿಗೇ ನಗು ಬರುತ್ತಿದೆ.

"ಅಜ್ಜಿ, ನೀನು ಇದ್ದಿಲು ಗೂಡು ಹಾಕ್ತಿದ್ದೆ ಅಂತಿದ್ಯಲ್ಲ, ಅದೇ ದಿಣ್ಣೆ ಹತ್ರ ಮರ ಬಿದ್ದಿದೆ. ನೋಡೋಕೆ ಬರ್ತೀಯಾ?" ಅಂತ ಹಿಂದಿನ ದಿನ ಕೇಳಿದ್ದಳು. ಕಾಗದನಗರದ ಕ್ವಾರ್ಟರ್ಸಿನ ಬೀದಿಗೆಲ್ಲ ಸುದ್ದಿ ಸಾರಿ, ಒಳ್ಳೆ ಸೀರೆ ಉಟ್ಟು, ಬಿಸಿಲಿಗೆ ನನ್ನ ಹಳೇ ಕೊಡೆ ಹಿಡಿದು ಜೀಪಿಗೆ ಕಾದು ಕೂತೆ. ಜೀಪು ಬಂತು. ಹತ್ತಲು ಹೋದರೆ, "ಇದು ಡ್ಯೂಟಿ ಗಾಡಿ ಅಜ್ಜಿ, ನೀನು ಅಪ್ಪನ ಸ್ಕೂಟರಲ್ಲಿ ಹಿಂದೆ ಬಾ" ಅಂದುಬಿಟ್ಟಳು. ಬೀದಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಕೊನೆಗೆ ನಾನು ಮಗನ ಸೊಂಟ ಹಿಡಿದುಕೊಂಡು, ಜೀಪಿನ ಧೂಳು ಕುಡಿಯುತ್ತಾ ಕಾಡು ಸೇರಿದೆ.

ಅಲ್ಲಿ ಭಾಗ್ಯ ಬಿದ್ದ ಮರದ ತೊಗಟೆಯನ್ನು ಅಂಗೈಯಗಲ ಕೆತ್ತಿಸಿದಳು. ಚರ್ಮದ ಚೀಲದ ಬೀಗ ತೆಗೆದು ಸುತ್ತಿಗೆ ಹೊರಗೆ ತೆಗೆದಳು. ಅದರ ಮೂತಿಯ ಮೇಲೆ ಅಚ್ಚು ಇರುತ್ತದೆ. ಬೀಸಿ ಹೊಡೆದರೆ ಮರದ ಮೇಲೆ ಸರ್ಕಾರದ ಮುದ್ರೆ ಮೂಡುತ್ತದೆ. ಟಪ್ಪಂತ ಪೆಟ್ಟು ಬಿತ್ತು. ಆ ಸದ್ದು, ಆ ಹಸಿ ವಾಸನೆ, ಎರಡೂ ಸೇರಿ ನನ್ನನ್ನು ಯುದ್ಧದ ಕಾಲದ ಆ ಒಂದು ಬೇಸಿಗೆಗೆ ಎಳೆದುಕೊಂಡು ಹೋದವು.

ಆ ವರ್ಷ ನಾನು ಹೊಳಲೂರಿನಿಂದ ಮದುವೆಯಾಗಿ ಬಂದ ಹೊಸ ಸೊಸೆ. ತವರಿನವರು ಗದ್ದೆ ಉಳುವವರು. ಗಂಡನ ಮನೆಯವರೂ ಒಂದು ಕಾಲಕ್ಕೆ ಉಳುವವರೇ. ನೇಗಿಲು ಮುರಿದಾಗ ನಮ್ಮ ಮಾವನವರು, ಅವರಪ್ಪ ತರುತ್ತಿದ್ದ ಹಾಗೆಯೇ, ಕಾಡಿಗೆ ಹೋಗಿ ಒಂದು ತುಂಡು ಮರ ಕಡಿದು ತಂದಿದ್ದರಂತೆ. ಅವರಪ್ಪನ ಕಾಲದಲ್ಲಿ ಅದು ತಪ್ಪಾಗಿರಲಿಲ್ಲ. ಇವರ ಕಾಲಕ್ಕೆ ಕಾಡಿನ ಸುತ್ತ ಗಡಿಕಲ್ಲು ಬಂದಿತ್ತು, ನೇಗಿಲಿನ ಮರಕ್ಕೂ ಪಾಸು ಬೇಕಾಗಿತ್ತು. ದಂಡ ಕಟ್ಟಲು ಎತ್ತು ಹೋದವು. ಎತ್ತು ಹೋದ ಮೇಲೆ ನೇಗಿಲು ಇಟ್ಟುಕೊಂಡು ಏನು ಮಾಡುವುದು? ಗದ್ದೆಯೂ ಬೇರೆಯವರ ಕೈ ಸೇರಿತು. ಮಾವ ಅದೇ ಕೊರಗಿನಲ್ಲಿ ತೀರಿಕೊಂಡರು. ಮನೆಗೆ ಉಳಿದದ್ದು ಒಂದು ಹೆಸರು: ಮರಗಳ್ಳರ ಮನೆ.

ನಮ್ಮತ್ತೆ ಹಾಲಮ್ಮನಿಗೆ ಆ ಹೆಸರು ಕಾಲಲ್ಲಿ ಮುರಿದ ಮುಳ್ಳಿನಂತೆ. ಪಾಸಿಲ್ಲದ ಒಂದು ಕಡ್ಡಿಯೂ ಹೊಸಲು ದಾಟಿ ಬರಕೂಡದು. ಹಲ್ಲುಜ್ಜಲು ಬೇವಿನ ಕಡ್ಡಿ ಬೇಕಾದರೂ ಹಿತ್ತಲಿನ ಗಿಡದಿಂದಲೇ ಮುರಿಯಬೇಕು. ನಮ್ಮ ಯಜಮಾನರು ಇದ್ದಿಲು ಸುಡುವ ಕೆಲಸ ಹಿಡಿದಾಗಲೂ, "ಪಾಸಿನ ಕಟ್ಟಿಗೆ ಆದ್ರೆ ಮಾತ್ರ" ಅಂತ ಮಗನಿಂದ ಆಣೆ ಹಾಕಿಸಿಕೊಂಡಿದ್ದರು.

ಇದ್ದಿಲಿಗೆ ಆಗ ಚಿನ್ನದ ಕಾಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಲ್ಲಿದ್ದಲು ಇರಲಿಲ್ಲ, ಕಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಅಲ್ಲಿ ಕಬ್ಬಿಣ ಕರಗಬೇಕಿತ್ತು. ಅದು ಸಾಲದೆಂದು ಯುದ್ಧ ಬಂದು ಪೆಟ್ರೋಲು ನಿಂತು, ಬಸ್ಸುಗಳೂ ಇದ್ದಿಲಿನ ಹೊಗೆಯಲ್ಲಿ ಓಡತೊಡಗಿದವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಡ್ರಮ್ಮು ಕಟ್ಟಿರುತ್ತಿದ್ದರು, ಅದರೊಳಗೆ ನಮ್ಮ ಇದ್ದಿಲು. ಒಳ್ಳೆಯ ಮರವೆಲ್ಲ ದಂಡಿಗೆ ಬೇಕು ಅಂತ ಸರ್ಕಾರ ಹಿಡಿದುಕೊಂಡಿತ್ತು. ಶಿವಮೊಗ್ಗದಲ್ಲಿ ಮನೆ ಕಟ್ಟುವವನಿಗೆ ಬಾಗಿಲಿಗೊಂದು ಹೊನ್ನೆ ಹಲಗೆ ಬೇಕೆಂದರೆ ಪಾಸಿನಲ್ಲಿ ಸಿಗದು, ಸಿಕ್ಕರೂ ಕೈಗೆಟುಕದು. ಹಾಗಿರುವಾಗ ಪಾಸಿಲ್ಲದ ಮರಕ್ಕೆ ಗಿರಾಕಿ ತಾನೇ ಹುಡುಕಿಕೊಂಡು ಬರುತ್ತಾನೆ. ಕಡಿದವನಿಗೆ ರಾಗಿ, ಕಣ್ಣು ಮುಚ್ಚಿದ ಗಾರ್ಡಿಗೆ ಅಕ್ಕಿ, ನಡುವೆ ನಿಂತವನಿಗೆ ಮಹಡಿ ಮನೆ. ಸಿಕ್ಕಿಬಿದ್ದರೆ ಮಾತ್ರ ರಾಗಿಯವನೇ ಜೈಲಿಗೆ. ಇಷ್ಟೇ ಅದರ ಲೆಕ್ಕ. ಇದನ್ನು ತಿಳಿಯಲು ನಾಲ್ಕನೇ ಕ್ಲಾಸು ಬೇಕಿಲ್ಲ.

ನಡುವೆ ನಿಂತವರು ನಮ್ಮ ಕಡೆ ಕೊಡೆ ಸಾಹುಕಾರರು. ಬೇಸಿಗೆಯಲ್ಲೂ, ಮರದ ನೆರಳಲ್ಲೂ ಕೊಡೆ ಬಿಚ್ಚಿಕೊಂಡೇ ಓಡಾಡುವ ಗುತ್ತಿಗೆದಾರರು. ಬೆತ್ತದ ಹಿಡಿಯ ಕರೀ ಕೊಡೆ. ಕಾರ್ಖಾನೆಯ ಕಟ್ಟಿಗೆಗೆಂದು ಸರ್ಕಾರ ಕಡಿಯಲು ಬಿಟ್ಟ ಕಾಡಿನ ತುಂಡಿಗೆ ಕೂಪು ಅನ್ನುತ್ತಿದ್ದರು. ನಮ್ಮ ದಿಣ್ಣೆಯ ಪಕ್ಕದ ಕೂಪು ಅವರದು. ಕಡಿಯಬೇಕಾದ ಪ್ರತಿ ಮರಕ್ಕೂ ಜಂಗಲ್ ಇಲಾಖೆಯವರು ಎರಡು ಕಡೆ ಮುದ್ರೆ ಹೊಡೆಯುತ್ತಿದ್ದರು, ಎದೆಯೆತ್ತರಕ್ಕೊಂದು, ನೆಲದ ಹತ್ತಿರ ಬುಡಕ್ಕೊಂದು. ಮರ ಗಾಡಿ ಹತ್ತಿ ಹೋದರೂ ಬುಡದ ಮುದ್ರೆ ಬೊಡ್ಡೆಯಲ್ಲಿ ಉಳಿದು, ಇದು ನ್ಯಾಯವಾಗಿ ಕಡಿದದ್ದು ಅಂತ ಸಾಕ್ಷಿ ಹೇಳಬೇಕು. ಇಲಾಖೆಯವರು ಬೊಡ್ಡೆಗಳನ್ನು ನೋಡಿ ಹೋದ ಮೇಲೆ ಅವನ್ನು ಕಿತ್ತುಕೊಳ್ಳಬಹುದಿತ್ತು. ಆ ಬೊಡ್ಡೆಗಳೇ ನಮ್ಮ ಪಾಲಿಗೆ. ಅಗೆದು, ಸೀಳಿ, ಗೂಡಿನಲ್ಲಿ ಸುಟ್ಟು, ಇದ್ದಿಲು ಮಾಡಿ ಸಾಹುಕಾರರಿಗೆ ಕೊಡಬೇಕು, ಅವರು ಬಸ್ಸಿನವರಿಗೆ ಮಾರಬೇಕು.

ನಮ್ಮತ್ತೆ ಅಲ್ಲೊಂದು ಪದ್ಧತಿ ಇಟ್ಟುಕೊಂಡಿದ್ದರು. ಬೊಡ್ಡೆಯ ಮುದ್ರೆ ಅವರ ಕಣ್ಣಿಗೆ ಮಹಾರಾಜರ ಕಿರೀಟದ ಹಾಗೆ ಕಾಣುತ್ತಿತ್ತು. ಅರಸರ ಗುರುತನ್ನು ಬೆಂಕಿಗೆ ಹಾಕುವುದುಂಟೆ? ಪ್ರತಿ ಬೊಡ್ಡೆಯಿಂದಲೂ ಮುದ್ರೆಯಿದ್ದ ಚಕ್ಕೆಯನ್ನು ಮೊದಲು ಕೆತ್ತಿ ತೆಗೆಯಬೇಕು. ಅದಕ್ಕೆ ಕುಂಕುಮ ಇಟ್ಟು, ಗುಡಿಸಲಿನ ಬಾಗಿಲ ಪಕ್ಕ ಒಂದರ ಮೇಲೊಂದು ಜೋಡಿಸಬೇಕು. ಆಮೇಲೆ ಉಳಿದದ್ದು ಗೂಡಿಗೆ. ಕಟ್ಟಿಗೆ ಕಡಿಯಲು ಬಂದಿದ್ದ ಸೇಲಂ ಕಡೆಯ ಹೆಂಗಸರು ನಗುತ್ತಿದ್ದರು. "ಹಾಲಮ್ಮಾ, ಮಹಾರಾಜ ಉನ್ ಮನೆಗೆ ಊಟಕ್ಕೆ ವರ್ತಾರಾ?" ಅಂತ ಒಬ್ಬಳು ಕೇಳಿದರೆ, ಅತ್ತೆ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿ, "ಬಂದ್ರೆ ಮಣೆ ಹಾಕೋಕೆ ಜಾಗ ಇದೆ ಮಾರಾಯ್ತಿ. ನಿನ್ ತರ ಕಾಲು ಚಾಚ್ಕೊಂಡು ಕೂರಲ್ಲ ಅವ್ರು" ಅನ್ನುತ್ತಿದ್ದರು.

ಕೆಲಸ ಸುಲಭದ್ದಲ್ಲ. ಸೀಳಿದ ಬೊಡ್ಡೆಗಳನ್ನು ಗೋಪುರದಂತೆ ನಿಲ್ಲಿಸಿ, ಹಸಿ ಸೊಪ್ಪು ಹೊದೆಸಿ, ಮೇಲೆ ಕೆಸರು ಮೆತ್ತಬೇಕು. ಬೆಂಕಿ ಇಟ್ಟ ಮೇಲೆ ಅದು ಉರಿಯಲೂ ಕೂಡದು, ಆರಲೂ ಕೂಡದು, ಒಳಗೊಳಗೇ ಬೇಯಬೇಕು. ಹೊಗೆ ಬಿಳಿಯಿಂದ ನೀಲಿಗೆ ತಿರುಗುವವರೆಗೆ ಕಣ್ಣ ರೆಪ್ಪೆ ಮುಚ್ಚುವಂತಿಲ್ಲ. ನನ್ನ ಮದುವೆ ಸೀರೆಯ ಬಣ್ಣ ಹೋದದ್ದು ಅಲ್ಲೇ. ಆದರೂ ಇದ್ದಿಲು ತಟ್ಟಿದರೆ ಗಾಜಿನ ಬಳೆಯಂತೆ ಸದ್ದು ಬರುತ್ತಿತ್ತಲ್ಲ, ಆಗ ಏನೋ ಗೆದ್ದ ಹಾಗೆ.

ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ಬೊಡ್ಡೆಗಳು ಗಾಡಿಯಲ್ಲಿ ಬರತೊಡಗಿದವು. ಅಲ್ಲಿಯವರೆಗೆ ನಾವೇ ಹೋಗಿ ಅಗೆಯುತ್ತಿದ್ದೆವು. ಈಗ ಸಾಹುಕಾರರ ಆಳುಗಳೇ ಅಗೆದು ತಂದು ಸುರಿಯುತ್ತಿದ್ದರು. "ನಿಮಗ್ಯಾಕೆ ಕಷ್ಟ, ನೀವು ಸುಟ್ಟು ಕೊಟ್ರೆ ಸಾಕು" ಅಂದರು. ಕೂಲಿಯನ್ನೂ ಏರಿಸಿದರು. ನಮ್ಮ ಯಜಮಾನರಿಗೆ ಖುಷಿಯೋ ಖುಷಿ. ಹೊಸ ಗೂಡು ಕಟ್ಟಿ, ಕೆಸರು ಮೆತ್ತಿ, ಬೆಳಿಗ್ಗೆ ಬೆಂಕಿ ಇಡುವುದೊಂದೇ ಬಾಕಿ.

ಬೆಳಿಗ್ಗೆ ಅತ್ತೆ ಕುಂಕುಮದ ಭರಣಿ ಹಿಡಿದು ಬಂದರು. "ಚಕ್ಕೆ ಎಲ್ಲಿ?"

"ಈ ಸಲದ್ರಲ್ಲಿ ಸಿಗ್ಲಿಲ್ಲ ಕಣವ್ವ" ಅಂದರು ಯಜಮಾನರು, ಕತ್ತು ಎತ್ತದೆ.

"ಒಂದೂ ಇಲ್ವಾ?"

"ಮಣ್ಣಲ್ಲಿ ಉದುರಿ ಹೋಗಿರ್ಬೇಕು."

ಅತ್ತೆ ಗೂಡಿನ ಒಂದು ಕಡೆ ಕೆಸರು ಬಿಡಿಸಿ ಕೈ ಹಾಕಿ ಒಂದು ಸೀಳು ಎಳೆದರು. ಕೆಂಪಗೆ ರಕ್ತದಂಥ ಅಂಟು ಒಣಗಿದ್ದ ಹೊನ್ನೆ. ಸೌದೆಯ ಕೂಪಿನಲ್ಲಿ ಹೊನ್ನೆ ಕಡಿಯುವ ಹಾಗೇ ಇರಲಿಲ್ಲ. ಗಡಿಕಲ್ಲಿನ ಆಚೆ, ಕಾಯ್ದಿಟ್ಟ ಕಾಡಿನಲ್ಲಿ ಮಾತ್ರ ಅಂಥ ಹೊನ್ನೆ ಇದ್ದದ್ದು. ನನಗೂ, ಯಜಮಾನರಿಗೂ ಒಂದೇ ಕ್ಷಣಕ್ಕೆ ಅರ್ಥವಾಯಿತು. ಸಾಹುಕಾರರು ನಮಗೆ ಕೆಲಸ ಕೊಟ್ಟಿರಲಿಲ್ಲ, ಸಾಕ್ಷಿ ಸುಡಲು ಕೊಟ್ಟಿದ್ದರು. ಬೊಡ್ಡೆ ಇದ್ದರೆ ತಾನೇ ಅಲ್ಲೊಂದು ಮರವಿತ್ತು ಅನ್ನುವುದು? ಗುಂಡಿಗೆ ತರಗೆಲೆ ತುಂಬಿದರೆ ಮುಗಿಯಿತು.

ಅಷ್ಟರಲ್ಲಿ ಸಾಹುಕಾರರೇ ಬಂದರು, ಕೊಡೆ ಬಿಚ್ಚಿಕೊಂಡು. "ಇನ್ನೂ ಹಚ್ಚಿಲ್ವೇನಯ್ಯಾ?"

"ಇದು ಮುದ್ರೆ ಇಲ್ಲದ್ದು ಸ್ವಾಮಿ" ಅಂದರು ಅತ್ತೆ.

"ಮುದ್ರೆ ತಗೊಂಡು ನೀನೇನು ಮಾಡ್ತೀಯಮ್ಮ? ಸುಟ್ರೆ ಎಲ್ಲಾ ಇದ್ದಿಲು ಒಂದೇ."

"ಹಚ್ಚಲ್ಲ."

ಸಾಹುಕಾರರು ನಕ್ಕರು, ಆಮೇಲೆ ನಗು ಬಿಟ್ಟು ನಮ್ಮ ಯಜಮಾನರ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಗೂಡು ನಿಂದು, ಕೆಸರು ಮೆತ್ತಿದ ಕೈ ನಿಂದು. ನಾಳೆ ಯಾರಾದ್ರೂ ಬಂದು ಕೇಳಿದ್ರೆ ಕಳ್ಳ ಯಾರು ಅಂತಾರೆ? ಮರಗಳ್ಳರ ಮನೆ ಅಂತ ಮೊದ್ಲೇ ಹೆಸರಿದೆ. ಹಚ್ಚಿಬಿಡು. ನಿನಗೂ ಒಳ್ಳೇದು, ನನಗೂ ಒಳ್ಳೇದು."

ಯಜಮಾನರ ಕೈಯಲ್ಲಿ ಕೊಳ್ಳಿ ಇತ್ತು. ಹಚ್ಚಿದರೆ ಕಳ್ಳತನದಲ್ಲಿ ಪಾಲುದಾರರು, ಹಚ್ಚದಿದ್ದರೆ ಕಳ್ಳಮಾಲು ನಮ್ಮ ಅಂಗಳದಲ್ಲೇ. ಎರಡು ಕಡೆಯೂ ಅದೇ ಹೆಸರು.

ಆಗ ನಮ್ಮತ್ತೆ ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೀರೆ ಎತ್ತಿ ಕಟ್ಟಿ, ಕೆಸರಿನ ಮೇಲೆ ಅಂಗೈಯೂರಿ, ಮೆಲ್ಲಗೆ ಗೂಡಿನ ತುದಿ ಹತ್ತಿ ಕೂತುಬಿಟ್ಟರು. ಎಲೆಯಡಿಕೆ ಚೀಲ ಬಿಚ್ಚಿ ಸಾಹುಕಾರರ ಕಡೆ ತಿರುಗಿದರು. "ಈಗ ಹಚ್ಚಪ್ಪ. ನನ್ನನ್ನೂ ಸೇರ್ಸಿ ಹಚ್ಚು. ಒಳ್ಳೆ ಇದ್ದಿಲಾಗ್ತೀನಿ, ನಿನ್ ಗಿರಾಕಿ ಬಸ್ಸು ಮೈಸೂರಿನವರೆಗೂ ಓಡುತ್ತೆ."

ಕಡಿಯುವವರು, ಗಾಡಿಯವರು, ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು. ಮುದುಕಿಯನ್ನು ಎಳೆಯಲು ಯಾರ ಕೈಯೂ ಮುಂದೆ ಬರಲಿಲ್ಲ. ಯಜಮಾನರು ಕೊಳ್ಳಿಯನ್ನು ನೀರಿನ ಮಡಕೆಗೆ ಅದ್ದಿದರು. ಚುಸ್ಸಂತ ಸದ್ದಾಯಿತು. ಅತ್ತೆ ನನ್ನ ಕಡೆ ನೋಡಿ, "ನೋಡ್ತಾ ನಿಂತ್ಯಲ್ಲೇ! ಜಂಗಲ್ ಇಲಾಖೆ ದೊಡ್ಡ ಸಾಹೇಬ್ರು ಶಿವಮೊಗ್ಗದಲ್ಲಿದಾರೆ. ಇವ್ರು ಹೋಗಿ ಹೇಳೋಕೆ ಮುಂಚೆ ನಾವೇ ಹೇಳ್ಬೇಕು. ಹೋಗು" ಅಂದರು.

ಒಂದು ಕುಂಕುಮದ ಚಕ್ಕೆ, ಒಂದು ಹೊನ್ನೆಯ ಸೀಳು, ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ರಸ್ತೆಗೆ ಓಡಿದೆ. ಬಸ್ಸಿನ ಡ್ರೈವರು ಇಮಾಮ್ ಸಾಬರು ನಮ್ಮ ಇದ್ದಿಲಿನ ಹಳೇ ಗಿರಾಕಿ. ಏರು ಬಂದ ಕಡೆಯೆಲ್ಲ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು. ಜನ ಇಳಿದು ತಳ್ಳುವುದು, ಅವರು ಇಳಿದು ಡ್ರಮ್ಮಿಗೆ ಕೋಲು ಹಾಕಿ ತಿವಿಯುವುದು. ನಾನು ಬುಟ್ಟಿ ಅವುಚಿಕೊಂಡು ಅವರನ್ನೇ ದುರುಗುಟ್ಟಿ ನೋಡುತ್ತಿದ್ದೆ.

"ಅರೇ ಬೇಟಿ, ನನ್ನ ಯಾಕೆ ಹಂಗೆ ನೋಡ್ತೀಯಾ? ನಿಮ್ದೇ ಕೋಲ್ಸಾ, ನಿಮ್ದೇ ಇದ್ದಿಲು. ನಿಮ್ಮತ್ತೆ ತರಾನೇ, ಮನಸಾದ್ರೆ ಹೋಗುತ್ತೆ, ಇಲ್ಲಾಂದ್ರೆ ಕೂರುತ್ತೆ!"

"ನಮ್ಮತ್ತೆ ಕೂತಿದಾರೆ ಸಾಬ್ರೇ, ಅದಕ್ಕೇ ನಾನು ಹೊರಟಿರೋದು" ಅಂದು ಎಲ್ಲ ಹೇಳಿದೆ. ಅವರು ನಗು ನಿಲ್ಲಿಸಿದರು. ಹೊಳೆ ದಂಡೆಯ ಮರದ ಅಡ್ಡೆಯಲ್ಲಿ ಸಾಹುಕಾರರ ಹೊನ್ನೆ ದಿಮ್ಮಿಗಳು ಬಂದು ಬೀಳುತ್ತಿವೆ ಅಂದರು. ಯಾರದೋ ಹೊಲದಲ್ಲಿ ಬೆಳೆದ ಸ್ವಂತ ಮರ ಅಂತ ತೋರಿಸಿ ಅದಕ್ಕೆ ಪಾಸು ಮಾಡಿಸಿದ್ದರಂತೆ. "ಹೊಲದಲ್ಲಿ ಅಷ್ಟು ಹೊನ್ನೆ ಬೆಳೆಯೋದಾದ್ರೆ ನಾನೂ ರಾಗಿ ಬಿಟ್ಟು ಹೊನ್ನೆ ಬಿತ್ತೀನಿ" ಅಂದು, ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಬಸ್ಸು ಬಿಟ್ಟರು.

ಜಂಗಲ್ ಆಫೀಸಿನ ಮೆಟ್ಟಿಲಲ್ಲಿ ಜವಾನ ತಡೆದ. "ಏನಮ್ಮಾ ಬುಟ್ಟೀಲಿ? ಇಲ್ಲಿ ಮಾರಂಗಿಲ್ಲ."

"ಸಾಹೇಬ್ರ ಮುದ್ರೆ ಇದೆ" ಅಂದೆ.

ಸುತ್ತಿಗೆಯೇ ಬುಟ್ಟಿಯಲ್ಲಿದೆ ಅಂದುಕೊಂಡ. ಮುದ್ರೆ ಸುತ್ತಿಗೆ ಕಳೆದರೆ ಆಫೀಸಿಗೆ ಆಫೀಸೇ ತಲೆಕೆಳಗಾಗುವ ಕಾಲ. ಒಳಗೆ ಓಡಿದ. ಮರುಕ್ಷಣ ನಾನು ದೊಡ್ಡ ಸಾಹೇಬರ ಮೇಜಿನ ಮುಂದೆ. ಇದ್ದಿಲು ಮೆತ್ತಿದ ಕಾಲು, ಕೆಳಗೆ ಜಮಖಾನೆ. ಪಕ್ಕಕ್ಕೆ ಸರಿದು ನಿಂತು ಎರಡು ತುಂಡನ್ನೂ ಮೇಜಿನ ಮೇಲಿಟ್ಟೆ.

"ಇದಕ್ಕೆ ಕುಂಕುಮ ಯಾಕಮ್ಮ?"

"ಮಹಾರಾಜ್ರ ಕಿರೀಟ ಸ್ವಾಮಿ. ನಮ್ಮತ್ತೆ ಸುಡೋಕೆ ಬಿಡಲ್ಲ, ಎಲ್ಲಾನೂ ಬಾಗ್ಲಲ್ಲಿ ಜೋಡಿಸಿದಾರೆ."

"ಮತ್ತೆ ಇದು?"

"ಇದಕ್ಕೆ ಮುದ್ರೆ ಇಲ್ಲ. ಇಂಥದ್ದು ಒಂದು ಗೂಡು ಇದೆ. ಹಚ್ಚಬಾರದು ಅಂತ ನಮ್ಮತ್ತೆ ಅದರ ಮೇಲೆ ಕೂತಿದಾರೆ."

ಸಾಹೇಬರು ಆ ಹೊನ್ನೆಯ ಸೀಳನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಟೊಪ್ಪಿ ಎತ್ತಿಕೊಂಡರು. "ಬಿಸಿಲಲ್ಲಿ ಕೂತಿದಾರಾ?" ಅಂತ ಮಾತ್ರ ಕೇಳಿದರು. ಅವರ ಕಾರಿನ ಹಿಂದೆಯೂ ಅದೇ ಡ್ರಮ್ಮು! ಏರಿನಲ್ಲಿ ಅದೂ ನಿಂತಿತು. ದೊಡ್ಡ ಸಾಹೇಬರ ಜೊತೆ ನಾನೂ ಕಾರು ತಳ್ಳಿದೆ. ಇದನ್ನು ನಾನು ಯಾರಿಗೆ ಹೇಳಿದರೂ ನಂಬುವುದಿಲ್ಲ.

ಹೊತ್ತು ಇಳಿಯುತ್ತಿದ್ದಾಗ ದಿಣ್ಣೆ ಸೇರಿದೆವು. ದೂರದಿಂದಲೇ ಗೂಡಿನ ತುದಿಯಲ್ಲಿ ಕರೀ ಕೊಡೆ ಕಂಡಿತು. ಸಾಹುಕಾರರೇ ಮೇಲೆ ಹತ್ತಿದರೇನೋ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಕೊಡೆಯ ಕೆಳಗೆ ನಮ್ಮತ್ತೆ! ಸಾಹುಕಾರರು ಕೆಳಗೆ ನಿಂತು ಬೇಡಿದ್ದಾರೆ, ಬೈದಿದ್ದಾರೆ, ಮತ್ತೆ ಬೇಡಿದ್ದಾರೆ. ನಡುಮಧ್ಯಾಹ್ನ ಅತ್ತೆ, "ಮಾತಾಡೋದಾದ್ರೆ ಕೊಡೆ ಕೊಡಪ್ಪ, ತಲೆ ಸುಡುತ್ತೆ" ಅಂದಿದ್ದಾರೆ. ಎಳೆದಿಳಿಸಲು ಆಗದು, ಸತ್ತರೆ ತಮ್ಮ ತಲೆಗೆ ಬರುತ್ತದೆ. ಕೊಟ್ಟುಬಿಟ್ಟಿದ್ದಾರೆ. ಈಗ ಬೋಳುತಲೆಗೆ ಟವಲು ಹಾಕಿಕೊಂಡು ಬೆವರುತ್ತಾ ನಿಂತಿದ್ದವರು ಸಾಹೇಬರ ಕಾರು ಕಂಡು ಮರದ ಹಿಂದೆ ಸರಿದರು. ಬೆತ್ತಲೆ ಕಾಡಿನಲ್ಲಿ ಎಷ್ಟು ದೂರ ಸರಿಯುತ್ತಾರೆ?

ಸಾಹೇಬರು ಬಾಗಿಲ ಪಕ್ಕದ ಚಕ್ಕೆಗಳ ರಾಶಿಯನ್ನು ಒಂದೊಂದಾಗಿ ಎತ್ತಿ ನೋಡಿದರು. ಅಲ್ಲಿಯವರೆಗೆ ನಾವು ಸುಟ್ಟದ್ದೆಲ್ಲ ಮುದ್ರೆಯದೇ ಅಂತ ಅದೇ ಹೇಳುತ್ತಿತ್ತು. ಆಮೇಲೆ ಗೂಡು ಬಿಚ್ಚಿಸಿದರು. ಮಾರನೆಯ ದಿನ ಸೀಳುಗಳನ್ನೆಲ್ಲ ಶಿವಮೊಗ್ಗದ ಅಡ್ಡೆಗೆ ಸಾಗಿಸಿ, ಕೂಡಿಸಿ ಮತ್ತೆ ಬೊಡ್ಡೆ ಮಾಡಿ, ದಿಮ್ಮಿಗಳ ಬುಡಕ್ಕೆ ಹಿಡಿಸಿದರಂತೆ. ನಮ್ಮ ಯಜಮಾನರು ಕಣ್ಣಾರೆ ಕಂಡವರು. ಗಡಿಗೆಗೆ ಅದರದೇ ಮುಚ್ಚಳ ಕೂತ ಹಾಗೆ ಕೂತಿತಂತೆ. ಹೊಲದ ಮರ ಅನ್ನುವ ಪಾಸು ಅಲ್ಲಿಗೆ ಮುಗಿಯಿತು. ಸಾಹುಕಾರರ ಗುತ್ತಿಗೆ ಹೋಯಿತು, ಅವರ ಮೇಲೆ ಕೇಸೂ ಆಯಿತು. ಕಣ್ಣು ಮುಚ್ಚಿಕೊಂಡಿದ್ದ ನಮ್ಮ ಕಡೆಯ ಗಾರ್ಡಿನ ಕೆಲಸವೂ ಹೋಯಿತು. ಅವನ ಹೆಂಡತಿ ಮಕ್ಕಳು ಗಂಟು ಹೊತ್ತು ನಮ್ಮ ದಿಣ್ಣೆ ದಾಟಿ ಹೋದಾಗ ಅತ್ತೆ ಅವರಿಗೆ ರೊಟ್ಟಿ ಕಟ್ಟಿಕೊಟ್ಟರು.

ಆ ದಿನ ಹೊರಡುವ ಮುಂಚೆ ಸಾಹೇಬರು ನಗುತ್ತಾ, "ಹಾಲಮ್ಮ, ಇದು ಮಹಾರಾಜರ ಕಿರೀಟ ಅಲ್ಲ. ನಮ್ಮ ರೇಂಜಿನ ಗುರುತಿನ ಅಕ್ಷರ, ಅಷ್ಟೇ" ಅಂದರು.

ಅತ್ತೆ ಕೊಡೆಯ ಕೆಳಗಿನಿಂದಲೇ ಕೈ ಮುಗಿದರು. "ಅಕ್ಷರಾನಾ? ಹಂಗಾದ್ರೆ ಸರಸ್ವತಿ ಆಯ್ತಲ್ಲ ಸ್ವಾಮಿ. ಅದನ್ನಂತೂ ಸುಡ್ಲೇಬಾರದು."

ನಮಗೆ ಆ ಬೇಸಿಗೆಯ ಕೂಲಿ ದಕ್ಕಲಿಲ್ಲ. ಕೊಡಬೇಕಾದವರೇ ಕೋರ್ಟು ಅಲೆಯುತ್ತಿದ್ದರು. ಮೊದಲ ಮಳೆ ಬಂದಾಗ ಹಿಟ್ಟಿನ ಮಡಕೆ ತಳ ಕಂಡಿತ್ತು. ಆದರೆ ಮುಂದಿನ ವರ್ಷ ಬೊಡ್ಡೆಗಳ ಪಾಸು ಯಾವ ಸಾಹುಕಾರರ ಹೆಸರಿಗೂ ಹೋಗಲಿಲ್ಲ. ನಡುವೆ ಯಾರೂ ಇಲ್ಲದೆ, ನೇರ ಹಾಲಮ್ಮನ ಹೆಬ್ಬೆಟ್ಟಿಗೆ ಬಂತು. ಆ ವರ್ಷದಿಂದ ಊರಿನವರು ದಾರಿ ಕೇಳಿದವರಿಗೆ "ಮುದ್ರೆ ಹಾಲಮ್ಮನ ಮನೆಯಾ? ಅಗೋ, ಅಲ್ಲಿ" ಅನ್ನತೊಡಗಿದರು. ಹಳೇ ಹೆಸರನ್ನು ಯಾರೂ ಮತ್ತೆ ಎತ್ತಲಿಲ್ಲ. ಕೊಡೆಯನ್ನು ಕೇಳಿಕೊಂಡೂ ಯಾರೂ ಬರಲಿಲ್ಲ. ಬಟ್ಟೆ ಎಷ್ಟು ಸಲ ಬದಲಾಯಿತೋ, ಬೆತ್ತದ ಹಿಡಿ ಮಾತ್ರ ಅದೇ. ಮೊನ್ನೆ ನಾನು ಕಾಡಿಗೆ ಹಿಡಿದುಕೊಂಡು ಹೋದದ್ದು ಅದನ್ನೇ.

ಭಾಗ್ಯ ಮುದ್ರೆ ಹೊಡೆದು ಮುಗಿಸಿದಾಗ ನನ್ನ ಕೈ ಸುಮ್ಮನಿರಲಿಲ್ಲ. "ಒಂದ್ಸಲ ಕೊಡೇ ಆ ಸುತ್ತಿಗೆ. ಹಿಡ್ಕೊಂಡು ನೋಡ್ತೀನಿ" ಅಂದೆ.

"ಕೊಡಲ್ಲ ಅಜ್ಜಿ."

"ಹೊಡೆಯಲ್ಲ ಕಣೇ, ಸುಮ್ನೆ ಹಿಡ್ಕೋತೀನಿ."

"ಊಹೂಂ. ಇದು ನನ್ನ ಕೈ ಬಿಟ್ಟು ಹೋಗಂಗಿಲ್ಲ."

"ನಾನು ನಿನ್ನಜ್ಜಿ!"

"ಅಜ್ಜಿ ಆದ್ರೂ ಅಷ್ಟೇ."

ಮಗನಿಗೆ ಸಿಟ್ಟು ಬಂತು. "ಏನೇ ಇದು, ಮುದುಕಿ ಆಸೆಪಟ್ಟು ಕೇಳಿದ್ರೆ..." ಅಂತ ಶುರು ಮಾಡಿದ. "ನೀನು ಸುಮ್ನಿರೋ" ಅಂತ ಅವನ ಬಾಯಿ ಮುಚ್ಚಿಸಿದೆ. ಭಾಗ್ಯ ಸುತ್ತಿಗೆಯನ್ನು ಚೀಲಕ್ಕಿಟ್ಟು, ಬೀಗ ಹಾಕಿ, ಬೀಗವನ್ನು ಎಳೆದು ನೋಡಿದಳು. ಗದ್ದ ಮುಂದೆ ಚಾಚಿ, ತುಟಿ ಬಿಗಿದು, ಯಾರು ಏನಾದರೂ ಅನ್ನಲಿ ಅನ್ನುವ ಆ ಮುಖ. ದವಡೆಯಲ್ಲಿ ಎಲೆಯಡಿಕೆ ಒಂದು ಇರಲಿಲ್ಲ, ಅಷ್ಟೇ.

ನಾನು ಕೊಡೆ ಬಿಚ್ಚಿಕೊಂಡು ಸ್ಕೂಟರಿನ ಹಿಂದೆ ಕೂತೆ. ಕಾಗದನಗರ ಮುಟ್ಟುವವರೆಗೂ ಮಗನ ಕಿವಿಯಲ್ಲಿ ಒಂದೇ ಮಾತು ಹೇಳುತ್ತಾ ಬಂದೆ: "ಕೊಡ್ಲಿಲ್ಲ ಕಣೋ! ನೋಡಿದ್ಯಾ? ನಂಗೂ ಕೊಡ್ಲಿಲ್ಲ!"